ಉಪ್ಪಿನ ಕಡತದಲ್ಲಿ ಸಿಕ್ಕ ಮಲ್ಪೆ

ಎಂಜಿನ್ ಬೋಟು ಬರುವುದಕ್ಕೆ ಮುಂಚೆ ಉಡುಪಿ ಬಳಿಯ ಮಲ್ಪೆಯ ಕಡಪ್ಪುರದಲ್ಲಿ, ಅಂದರೆ ಕಡಲ ದಡದಲ್ಲಿ, ಮೀನುಗಾರಿಕೆ ಹೇಗೆ ನಡೆಯುತ್ತಿತ್ತು, ಬಲೆ ಯಾರದಾಗಿತ್ತು, ಬಂದ ಮೀನು ಯಾರ ಪಾಲಿಗೆ ಎಷ್ಟು ಹೋಗುತ್ತಿತ್ತು? ಊರಿನಲ್ಲಿ ಎಂಬತ್ತು ದಾಟಿದವರನ್ನು ಕೇಳಿದರೆ ಅವರು ಕಂಡಷ್ಟನ್ನು ಈಗಲೂ ಹೇಳುತ್ತಾರೆ. ಅವರ ಅಜ್ಜಂದಿರ ಕಾಲಕ್ಕೆ ಹೋಗಬೇಕೆಂದರೆ ಮಾತ್ರ ಕಾಗದವೇ ಗತಿ. ಆ ಕಾಗದವನ್ನು ಹುಡುಕಿಕೊಂಡು ಹೋದ ಕಥೆ ಇದು.

ದಕ್ಷಿಣ ಕನ್ನಡದ ಯಾವುದೇ ಹಳ್ಳಿಯ ಚರಿತ್ರೆ ಬರೆಯಹೊರಟವರು ಮೊದಲು ಕೈಹಾಕುವುದು ಜಮೀನಿನ ದಾಖಲೆಗೆ. ವರ್ಗದಾರ ಯಾರು, ಮೂಲಗೇಣಿ ಯಾರದು, ಚಾಲಗೇಣಿ ಯಾರದು, ಕುಮ್ಕಿ ಎಲ್ಲಿಯವರೆಗೆ, ಎಲ್ಲವೂ ಅಲ್ಲಿ ಸಿಗುತ್ತದೆ. ಒಂದು ಗದ್ದೆಯ ಜಗಳದಿಂದ ಮೂರು ತಲೆಮಾರಿನ ಸಂಸಾರದ ಕಥೆ ಬಿಡಿಸಬಹುದು. ಆದರೆ ಅದೇ ದಾಖಲೆ ಪಡುವಣಕ್ಕೆ ಸರಿದಂತೆ ಬರಿದಾಗುತ್ತದೆ. ಕೊನೆಯ ತೆಂಗಿನ ತೋಟದ ಆಚೆ ಹೊಯಿಗೆ, ಅಂದರೆ ಮರಳು; ಅದು ಸರ್ಕಾರದ ಪರಂಬೋಕು, ಕಂದಾಯವಿಲ್ಲದ ನೆಲ. ಹೊಯಿಗೆಯ ಆಚೆ ಕಡಲು, ಅದಕ್ಕೆ ಸರ್ವೆ ನಂಬರೇ ಇಲ್ಲ. ಇಲ್ಲಿನ ಮೀನುಗಾರ ಸಮುದಾಯವಾದ ಮೊಗವೀರರ ದುಡಿಮೆಯೆಲ್ಲ ನಡೆದದ್ದು ಆ ನಂಬರಿಲ್ಲದ ಜಾಗದಲ್ಲಿ. ಅನೇಕರ ಮನೆ ಇದ್ದದ್ದೂ ಪರಂಬೋಕಿನಲ್ಲಿ, ಇಲ್ಲವೇ ಯಾರದೋ ತೋಟದ ಅಂಚಿನಲ್ಲಿ. ತೀರ್ವೆ (ಕಂದಾಯ) ಕಟ್ಟದವರ ಹೆಸರು ತೀರ್ವೆಯ ಪುಸ್ತಕದಲ್ಲಿ ಬರುವುದಾದರೂ ಹೇಗೆ?

ಎರಡನೆಯ ತೊಡಕು ಆಡಳಿತದ್ದು. ಕೆನರಾ ಜಿಲ್ಲೆ ಎರಡಾಗಿ, 1862ರಲ್ಲಿ ಉತ್ತರದ ಭಾಗ ಮುಂಬಯಿ ಆಧಿಪತ್ಯಕ್ಕೆ ಸೇರಿತು. ದಕ್ಷಿಣದ ಭಾಗ ಮದ್ರಾಸಿನಲ್ಲೇ ಉಳಿಯಿತು. ಕಾರವಾರದಲ್ಲೂ ಮಲ್ಪೆಯಲ್ಲೂ ಬಂಗುಡೆ ಒಂದೇ, ಬಲೆಯೂ ಹೆಚ್ಚುಕಡಿಮೆ ಒಂದೇ. ಕಾಗದ ಮಾತ್ರ ಎರಡು ದಿಕ್ಕಿಗೆ ಹೋಯಿತು. ಕಾರವಾರದ ಕಡತ ಮುಂಬಯಿಯ ದಾಖಲಾಗಾರಕ್ಕೆ, ಮಲ್ಪೆಯದು ಚೆನ್ನೈನ ಎಗ್ಮೋರಿನ ದಾಖಲಾಗಾರಕ್ಕೆ. 1956ರ ನವೆಂಬರ್ 1ರಂದು ಎರಡು ಜಿಲ್ಲೆಗಳೂ ಮೈಸೂರು ರಾಜ್ಯಕ್ಕೆ ಬಂದವು, ಹಳೆಯ ಕಡತಗಳು ಇದ್ದಲ್ಲೇ ಉಳಿದವು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು, ಅದಕ್ಕೆ ಹಿಂದಿನ ಜಿಲ್ಲಾ ಕಾಗದವೆಲ್ಲ ಮಂಗಳೂರಿನ ಲೆಕ್ಕ. ಮೀನಿನ ವಿಜ್ಞಾನದ ವರದಿಗಳು ಕೊಚ್ಚಿಯಲ್ಲಿವೆ. ಮಲ್ಪೆಯಲ್ಲಿ ಹಂಚಿನ ಕಾರ್ಖಾನೆ ನಡೆಸಿದ ಬಾಸೆಲ್ ಮಿಶನ್ನಿನವರ ಪತ್ರ, ಫೋಟೋಗಳು ಸ್ವಿಜರ್‌ಲೆಂಡಿನಲ್ಲಿವೆ. ಒಂದು ಕಡಪ್ಪುರದ ನೂರೈವತ್ತು ವರ್ಷ ಇಷ್ಟು ಕಡೆ ಚೆಲ್ಲಿಹೋಗಿದೆ.

ಅಚ್ಚಾದ ಪುಸ್ತಕಗಳಿಂದ ಆರಂಭಿಸಿದೆ. 1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಉಡುಪಿ, ಕುಂದಾಪುರ, ಭಟ್ಕಳದ ದಾರಿಯಲ್ಲಿ ಹಾದುಹೋದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಗದ್ದೆ, ಬೆಟ್ಟು, ಮಜಲು, ಗೇಣಿ, ಮಠ ಎಲ್ಲವೂ ವಿವರವಾಗಿ ಬರುತ್ತವೆ. ಕಂಪನಿ ಅವನನ್ನು ಕಳಿಸಿದ್ದೇ ಬೇಸಾಯ ನೋಡಿ ಬಾ ಎಂದು, ಹಾಗಾಗಿ ಅವನ ಬೆನ್ನು ಕಡಲಿನ ಕಡೆಗಿತ್ತು. 1883ರ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟ, 1894ರಲ್ಲಿ ಬಂದ ಸ್ಟುರಾಕನ ದಕ್ಷಿಣ ಕನ್ನಡ ಕೈಪಿಡಿ, ಇವೆರಡನ್ನೂ ನೋಡದೆ ಈ ಕರಾವಳಿಯ ಬಗ್ಗೆ ಯಾರೂ ಬರೆಯುವಂತಿಲ್ಲ. ಅಲ್ಲಿ ಮೀನುಗಾರರು ಜಾತಿಗಳ ಪಟ್ಟಿಯಲ್ಲಿ ಒಂದು ಜಾತಿ, ಮೀನು ಉತ್ಪನ್ನಗಳ ಪಟ್ಟಿಯಲ್ಲಿ ಒಂದು ಉತ್ಪನ್ನ. ಬಲೆ ಎಳೆಯುವ ಕೈ ಎಲ್ಲೂ ಕಾಣುವುದಿಲ್ಲ.

ಕೈ ಕಂಡದ್ದು ಉಪ್ಪಿನ ಕಾಗದದಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮದ್ರಾಸ್ ಆಧಿಪತ್ಯದಲ್ಲಿ ಉಪ್ಪು ಸರ್ಕಾರದ ಏಕಸ್ವಾಮ್ಯವಾದದ್ದು 1805ರಲ್ಲಿ, ಎರಡು ವರ್ಷದೊಳಗೆ ಆ ಕಾಯಿದೆ ಕೆನರಾಕ್ಕೂ ಬಂತು. ಮನೆಯ ಊಟದ ಉಪ್ಪಿಗೆ ತೆರಿಗೆ ಕೊಡುವುದು ಒಂದು ಕಷ್ಟ. ಮೀನುಗಾರನ ಕಷ್ಟ ಬೇರೆ ಅಳತೆಯದು. ಬಂಗುಡೆಯ ದಂಡು ಬಂದ ದಿನ ಇಡೀ ಊರು ಒಂದು ವರ್ಷ ತಿಂದರೂ ಮುಗಿಯದಷ್ಟು ಮೀನು ಹೊಯಿಗೆಯ ಮೇಲೆ ಬೀಳುತ್ತದೆ. ಮಂಜುಗಡ್ಡೆ ಇಲ್ಲ, ಲಾರಿ ಇಲ್ಲ, ಹೆಂಗಸರು ತಲೆ ಮೇಲೆ ಬುಟ್ಟಿ ಹೊತ್ತು ಹೋಗಬಹುದಾದ ದೂರವೇ ಹಸಿ ಮೀನಿನ ಪೇಟೆ. ಉಳಿದದ್ದಕ್ಕೆ ಉಪ್ಪು ಹಾಕಬೇಕು. ಚೆನ್ನಾಗಿ ಉಪ್ಪು ಹಾಕಬೇಕೆಂದರೆ ಮೂರು ನಾಲ್ಕು ಪಾಲು ಮೀನಿಗೆ ಒಂದು ಪಾಲಾದರೂ ಉಪ್ಪು ಬೇಕು. 1888ರಲ್ಲಿ ಉಪ್ಪಿನ ತೆರಿಗೆ ಮಣಕ್ಕೆ 2 ರೂಪಾಯಿ 8 ಆಣೆಗೆ ಏರಿತ್ತು. ಮಣ ಎಂದರೆ ನಮ್ಮ ಈಗಿನ ಲೆಕ್ಕದಲ್ಲಿ ಸುಮಾರು 37 ಕೆ.ಜಿ. ಆ ಬೆಲೆಯ ಉಪ್ಪನ್ನು ಬೂತಾಯಿಯಂಥ ಅಗ್ಗದ ಮೀನಿಗೆ ಸುರಿದರೆ ಮೀನಿಗಿಂತ ಉಪ್ಪೇ ದುಬಾರಿ. ಹೊಳೆಯ ಬಾಯಲ್ಲಿ ಉಪ್ಪುಮಣ್ಣು ಕೈಗೆಟಕುವಂತೆ ಬಿದ್ದಿರುತ್ತಿತ್ತು. ಅದನ್ನು ಕೆರೆದು ತಂದರೆ ಅಪರಾಧ.

ತೆರಿಗೆ ಅಷ್ಟು ಏರುವುದಕ್ಕೆ ಮೊದಲೇ ಈ ಕಷ್ಟವನ್ನು ಸರ್ಕಾರದ ಕಣ್ಣಿಗೆ ತಂದವನು ಫ್ರಾನ್ಸಿಸ್ ಡೇ. ಮದ್ರಾಸ್ ಸೈನ್ಯದ ವೈದ್ಯನಾಗಿ ಬಂದು ಮೀನಿನ ಹುಚ್ಚು ಹಿಡಿಸಿಕೊಂಡವನು. ಮಲಬಾರಿನ ಮೀನುಗಳ ಮೇಲೆ 1865ರಲ್ಲೇ ಪುಸ್ತಕ ಬರೆದಿದ್ದ. ಭಾರತ ಮತ್ತು ಬರ್ಮಾದ ಸಮುದ್ರ ಮೀನುಗಾರಿಕೆಯ ಬಗ್ಗೆ ಅವನ ವರದಿ 1873ರಲ್ಲಿ ಬಂತು. ಆ ವರದಿಯ ಬೆಲೆ ಇರುವುದು ಡೇಯ ಮಾತಿಗಿಂತ ಹೆಚ್ಚಾಗಿ ಅವನು ಕೂಡಿಸಿಟ್ಟ ಉತ್ತರಗಳಲ್ಲಿ. ಕಲೆಕ್ಟರರಿಗೆ, ತಹಶೀಲ್ದಾರರಿಗೆ ಅವನು ಪ್ರಶ್ನೆಗಳ ಪಟ್ಟಿ ಕಳಿಸಿದ್ದ. ನಿಮ್ಮಲ್ಲಿ ಮೀನುಗಾರರ ಸ್ಥಿತಿ ಹೇಗಿದೆ, ಯಾವ ಬಲೆ ಬಳಸುತ್ತಾರೆ, ಉಪ್ಪು ಎಲ್ಲಿಂದ ತರುತ್ತಾರೆ, ಮೀನು ಕೆಡುತ್ತದೆಯೇ? ಉತ್ತರ ಬರೆದವರಲ್ಲಿ ಅನೇಕರು ನಮ್ಮ ನಾಡಿನ ಗುಮಾಸ್ತರು, ತಹಶೀಲ್ದಾರರು. ಡೇಯ ತೀರ್ಮಾನ ಒಂದೇ: ಉಪ್ಪಿನ ತೆರಿಗೆ ಮೀನಿನ ಕಸುಬನ್ನು ಕೊಲ್ಲುತ್ತಿದೆ. ಜನ ಉಪ್ಪಿಲ್ಲದೆ ಬಿಸಿಲಿಗೆ ಹರವಿದ ಅರೆಕೊಳೆತ ಮೀನು ತಿನ್ನುತ್ತಿದ್ದಾರೆ. ಬೇಲಿ ಹಾಕಿದ ಅಂಗಳದಲ್ಲಿ ತೆರಿಗೆಯಿಲ್ಲದ ಉಪ್ಪು ಕೊಟ್ಟು ಅಲ್ಲೇ ಮೀನು ಹದಮಾಡಲು ಬಿಡಬೇಕು.

ಹಾಗೆ ಹುಟ್ಟಿದ್ದು ಫಿಶ್ ಕ್ಯೂರಿಂಗ್ ಯಾರ್ಡುಗಳು. ಮಲಬಾರ್ ಮತ್ತು ದಕ್ಷಿಣ ಕನ್ನಡದ ಕರಾವಳಿಯುದ್ದಕ್ಕೂ ಅವು ತೆರೆದುಕೊಂಡವು, ಮಲ್ಪೆಯಲ್ಲೂ ಒಂದಿತ್ತು. ಒಳಗೆ ಉಪ್ಪಿನ ಗೋದಾಮು, ತಕ್ಕಡಿ, ಉಪ್ಪಿನ ಇಲಾಖೆಯ ಪೆಟ್ಟಿ ಆಫೀಸರ್, ಜವಾನರು. ಟಿಕೆಟ್ ಪಡೆದವರು ಮಾತ್ರ ಒಳಗೆ ಬರಬೇಕು. ಮೀನು ತೂಗಿಸಬೇಕು, ಆ ತೂಕಕ್ಕೆ ಇಂತಿಷ್ಟೆಂದು ಉಪ್ಪು, ಅದನ್ನು ಅಲ್ಲಿಯೇ ಮೀನಿಗೆ ಹಚ್ಚಿ ಮುಗಿಸಬೇಕು. ಒಂದು ಹಿಡಿ ಉಪ್ಪೂ ಬೇಲಿಯ ಆಚೆ ಹೋಗುವಂತಿಲ್ಲ. ಒಣಗಿದ ಮೀನನ್ನು ಮತ್ತೆ ತೂಗಿಸಿ ಹೊರಗೆ ಸಾಗಿಸಬೇಕು.

ಸಂಶೋಧಕನಿಗೆ ಇದರ ಅರ್ಥ ಏನೆಂದರೆ, ಆವರೆಗೆ ಯಾವ ಪುಸ್ತಕಕ್ಕೂ ಸಿಗದ ಕಡಪ್ಪುರ ಒಮ್ಮೆಲೇ ಲೆಕ್ಕಕ್ಕೆ ಸಿಕ್ಕಿತು. ಉಪ್ಪು ಕದಿಯದಂತೆ ನೋಡಿಕೊಳ್ಳಬೇಕಾದರೆ ಮೀನು ತೂಗಲೇಬೇಕು. ಮದ್ರಾಸ್ ಉಪ್ಪಿನ ಇಲಾಖೆಯ ವಾರ್ಷಿಕ ಆಡಳಿತ ವರದಿಗಳಲ್ಲಿ ಯಾರ್ಡುಗಳ ಲೆಕ್ಕ ವರ್ಷ ವರ್ಷವೂ ಬರುತ್ತದೆ: ಬಂದ ಮೀನು ಎಷ್ಟು ಮಣ, ಕೊಟ್ಟ ಉಪ್ಪು ಎಷ್ಟು ಮಣ. ಸರ್ಕಾರಕ್ಕೆ ಮೀನಿನ ಚಿಂತೆ ಇರಲಿಲ್ಲ, ಉಪ್ಪಿನ ಚಿಂತೆ ಇತ್ತು. ಆ ಚಿಂತೆಯಿಂದಾಗಿ ಮೀನು ಸಮೃದ್ಧವಾದ ವರ್ಷ, ಕೈಕೊಟ್ಟ ವರ್ಷ ಎರಡೂ ದಾಖಲಾದವು. ಭಾರತದ ಪಶ್ಚಿಮ ಕರಾವಳಿಯ ಮೀನಿನ ಏರಿಳಿತದ ಬಗ್ಗೆ ಮುಂದೆ ಬಂದ ವಿಜ್ಞಾನಿಗಳು ಹಿಂದಿನ ಕಾಲದ ಅಂದಾಜು ಮಾಡಲು ಇಂಥ ಅಂಕಿಗಳನ್ನೇ ಅವಲಂಬಿಸಬೇಕಾಯಿತು. ಈ ಅಂಕಿಯ ಮಿತಿಯೂ ಅಲ್ಲೇ ಇದೆ. ಹಸಿಯಾಗಿ ಬುಟ್ಟಿಯಲ್ಲಿ ಹೋದದ್ದು, ಉಪ್ಪಿಲ್ಲದೆ ಹೊಯಿಗೆಯಲ್ಲಿ ಒಣಗಿದ್ದು, ತೆಂಗಿನ ಬುಡಕ್ಕೆ ಗೊಬ್ಬರವಾದದ್ದು, ಯಾವುದೂ ತಕ್ಕಡಿಗೆ ಏರಲಿಲ್ಲ. ಬೂತಾಯಿ ಹೇರಳವಾದ ದಿನ ತೆಂಗಿನ ಬುಡಕ್ಕೆ ಹೋದದ್ದು ಕಡಿಮೆಯೇನಲ್ಲ.

ಉಪ್ಪಿನ ಸತ್ಯಾಗ್ರಹ ಎಂದರೆ ನಮಗೆ ಅಂಕೋಲೆ ನೆನಪಾಗುತ್ತದೆ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಲ್ಲಿ ಕಾಯಿದೆ ಮುರಿದರು. ಅದರ ಬಗ್ಗೆ ಪುಸ್ತಕಗಳಿವೆ, ಸ್ಮಾರಕವಿದೆ, ಇರಬೇಕಾದದ್ದೇ. ಆದರೆ ಅದಕ್ಕೆ ಐವತ್ತು ವರ್ಷ ಮೊದಲಿನಿಂದ ದಿನವೂ ಬೇಲಿಯೊಳಗೆ ನಿಂತು ಜವಾನನ ಮುಂದೆ ಉಪ್ಪು ತೂಗಿಸಿಕೊಂಡವರ ಬಗ್ಗೆ ನಾವು ಬರೆದದ್ದು ತೀರ ಕಡಿಮೆ. ಉಪ್ಪಿನ ತೆರಿಗೆ ಹೋದದ್ದು 1947ರ ಏಪ್ರಿಲ್‌ನಲ್ಲಿ.

ಯಾರ್ಡಿನ ಅಂಕಿಗಳಿಗೆ ಮುಖ ಕೊಡುವ ಒಂದು ಪುಸ್ತಿಕೆ ಇದೆ. ಮದ್ರಾಸ್ ಸರ್ಕಾರಿ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಮಲಬಾರ್ ಮತ್ತು ದಕ್ಷಿಣ ಕನ್ನಡದ ಸಮುದ್ರ ಮೀನುಗಾರಿಕೆಯ ಬಗ್ಗೆ 1900ರಲ್ಲಿ ಬರೆದದ್ದು. ಥರ್ಸ್ಟನ್ನನ ಹೆಸರು ಕೇಳಿದವರಿಗೆಲ್ಲ ನೆನಪಾಗುವುದು 1909ರಲ್ಲಿ ಕೆ. ರಂಗಾಚಾರಿಯವರ ಜೊತೆ ಹೊರತಂದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಏಳು ಸಂಪುಟ. ಅಲ್ಲಿ 'ಮೊಗೇರ' ಎಂಬ ತಲೆಬರಹದ ಕೆಳಗೆ ಮಲ್ಪೆಯ ಮೊಗವೀರರು ಬರುತ್ತಾರೆ. ಮರಕಾಲ ಎಂಬ ಹೆಸರು, ಬೊಬ್ಬರ್ಯನ ಆರಾಧನೆ, ಅಡಿಕೆ ಹಾಳೆಯ ಟೊಪ್ಪಿ ಮಾಡುವ ಕೆಲಸ ಹೀಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ನೋವಾಗುತ್ತದೆ. ಒಂದು ಪುಸ್ತಕದಲ್ಲಿ ಮೀನು ಇದೆ, ಇನ್ನೊಂದರಲ್ಲಿ ಮೀನುಗಾರನಿದ್ದಾನೆ, ಇಬ್ಬರೂ ಒಂದೇ ಪುಟದಲ್ಲಿ ಕೆಲಸ ಮಾಡುತ್ತ ಸಿಗುವುದಿಲ್ಲ. ಮೂಗು ತಲೆಗಳ ಅಳತೆ ತೆಗೆಯುತ್ತ ಊರೂರು ತಿರುಗಿದ ಥರ್ಸ್ಟನ್ನಿಗೆ ದೋಣಿ ನಡೆಸುವ ತಂಡೇಲನೊಬ್ಬನ ಹೆಸರು ಬರೆದುಕೊಳ್ಳಬೇಕೆನಿಸಲಿಲ್ಲ.

ಬೊಬ್ಬರ್ಯನ ಮಾತು ಬಂದದ್ದಕ್ಕೆ ಒಂದು ಮಾತು. ಕಡಲ ಕರೆಯ ಈ ದೈವ ಮುಸ್ಲಿಂ ವ್ಯಾಪಾರಿಯ ಮಗನೆಂದು ತುಳುವಿನ ಹಾಡುಕಥೆಗಳಾದ ಪಾಡ್ದನಗಳು ಹೇಳುತ್ತವೆ. ಅವನ ಕಥೆಯಲ್ಲಿ ಹಡಗು, ಸರಕು, ಕಡಲ ಪಯಣ ಎಲ್ಲ ಇದೆ. ಬಂದರಿನ ವ್ಯಾಪಾರ, ಬ್ಯಾರಿಗಳು, ಮೊಗವೀರರು, ಜೈನರು ಒಂದೇ ದಡದಲ್ಲಿ ಬೆರೆತು ಬದುಕಿದ ನೆನಪು ಇಂಗ್ಲಿಷ್ ಕಡತಕ್ಕಿಂತ ಎಷ್ಟೋ ಹೆಚ್ಚು ಈ ಪಾಡ್ದನದಲ್ಲಿದೆ. ಅದನ್ನು ತಾರೀಖು ಹಾಕಿ ಬಳಸಲಾಗದು ಎಂಬ ಕಾರಣಕ್ಕೆ ಚರಿತ್ರೆಕಾರರು ಬದಿಗಿಡುವುದು ನನಗೆ ಸರಿಕಾಣುವುದಿಲ್ಲ.

ಉಪ್ಪಿನ ನಂತರ ಎಣ್ಣೆ. ಸರ್ ಫ್ರೆಡರಿಕ್ ನಿಕಲ್ಸನ್ ಐಸಿಎಸ್‌ನಿಂದ ನಿವೃತ್ತರಾದ ಮೇಲೆ ಸಂಬಳವಿಲ್ಲದೆ ಮೀನುಗಾರಿಕೆಯ ಕೆಲಸಕ್ಕೆ ನಿಂತವರು. ಮದ್ರಾಸಿನಲ್ಲಿ ಮೀನುಗಾರಿಕೆ ಇಲಾಖೆ 1907ರಲ್ಲಿ ರೂಪುಗೊಂಡದ್ದು ಅವರಿಂದ. ಅದೇ ವರ್ಷ ಜಪಾನಿನ ಮೀನುಗಾರಿಕೆಯ ಬಗ್ಗೆ ಅವರ ಟಿಪ್ಪಣಿಯೂ ಬಂತು. ಪಶ್ಚಿಮ ಕರಾವಳಿಯಲ್ಲಿ ಅವರು ಕಂಡದ್ದು ಹಳೆಯ ದೋಣಿಯಲ್ಲಿ ಬೂತಾಯಿ ತುಂಬಿ, ಬಿಸಿಲಿಗೆ ಕೊಳೆಸಿ, ಮೇಲೆ ತೇಲಿದ ಎಣ್ಣೆ ತೆಗೆಯುವ ಪದ್ಧತಿ. ಅದರ ಬದಲು ಹಸಿ ಮೀನನ್ನೇ ಕಡಾಯಿಯಲ್ಲಿ ಬೇಯಿಸಿ, ಹಗ್ಗದ ಚೀಲದಲ್ಲಿ ಹಾಕಿ ಹಿಂಡಿದರೆ ಒಳ್ಳೆಯ ಎಣ್ಣೆಯೂ ಬರುತ್ತದೆ, ಉಳಿದ ಹಿಂಡಿ ಒಣಗಿದರೆ ಕಾಫಿ, ಚಹಾ ತೋಟಕ್ಕೆ ಗೊಬ್ಬರವೂ ಆಗುತ್ತದೆಂದು ತಾನೂರಿನ ಕೇಂದ್ರದಲ್ಲಿ ಮಾಡಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಮಲಬಾರ್, ದಕ್ಷಿಣ ಕನ್ನಡದ ಹೊಯಿಗೆಯ ಮೇಲೆ ಇಂಥ ನೂರಾರು ಸಣ್ಣ ಕಾರ್ಖಾನೆಗಳು ಎದ್ದವು. ಕಡಾಯಿ, ಒಲೆ, ಒತ್ತುವ ಯಂತ್ರ, ತೆಂಗಿನ ಗರಿಯ ಮಾಡು, ಇಷ್ಟೇ ಕಾರ್ಖಾನೆ.

ಇವರ ಕಾಲದ ಇಲಾಖಾ ಬುಲೆಟಿನ್‌ಗಳನ್ನು ಓದುವುದು ಸುಖ. ನಿಕಲ್ಸನ್ ಕೈಕೆಳಗೆ ಬಂದು ಮುಂದೆ ಇಲಾಖೆಯ ನಿರ್ದೇಶಕನಾದ ಜೇಮ್ಸ್ ಹಾರ್ನೆಲ್ ದೋಣಿಯ ಹಲಗೆ ಜೋಡಣೆಯನ್ನೂ ಬಿಡದೆ ಬರೆದುಕೊಂಡವನು. ಭಾರತದ ದೋಣಿಗಳ ವಿನ್ಯಾಸದ ಮೇಲೆ 1920ರಲ್ಲಿ ಅವನ ದೊಡ್ಡ ಪ್ರಬಂಧ ಬಂತು. ಬೂತಾಯಿಯ ಜೀವನಚಕ್ರದ ಮೇಲೆ ರಾಮಸ್ವಾಮಿ ನಾಯುಡು ಜೊತೆ ಬರೆದದ್ದು ಅದರ ಹಿಂದೆಯೇ ಬಂತು. ಬೂತಾಯಿ ಒಂದು ವರ್ಷ ಕಡಲೇ ಬೆಳ್ಳಿಯಾಗುವಂತೆ ಬಂದು ಮತ್ತೊಂದು ವರ್ಷ ಮುಖ ತೋರಿಸದಿರುವುದು ಏಕೆಂಬ ಪ್ರಶ್ನೆ ಆಗಲೇ ಎದ್ದಿತ್ತು. 1940ರ ದಶಕದಲ್ಲಿ ಅದು ನಿಜವಾಗಿಯೂ ಕೈಕೊಟ್ಟಿತು. ಎಳೆ ಬೂತಾಯಿ ಹಿಡಿಯುವ ಬಲೆಗಳ ಮೇಲೆ ಮದ್ರಾಸ್ ಸರ್ಕಾರ 1943ರಲ್ಲಿ ನಿರ್ಬಂಧ ಹಾಕಿತು. ಮರಿ ಮೀನು ಹಿಡಿಯಬೇಡಿ ಎಂದು ಇವತ್ತು ಮಲ್ಪೆಯ ದಕ್ಕೆಯಲ್ಲಿ ನಡೆಯುವ ವಾದಕ್ಕೆ ಎಂಬತ್ತು ವರ್ಷದ ಹಳೆಯ ಆದೇಶವೊಂದು ಬೆನ್ನಿಗಿದೆ.

ಈ ಬರಹಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು 'ಕೊಲಂಬೊ ಕ್ಯೂರ್' ಎಂಬ ಹದ. ಮಲಬಾರಿನಲ್ಲೂ ದಕ್ಷಿಣ ಕನ್ನಡದಲ್ಲೂ ಇದು ದೊಡ್ಡ ವಹಿವಾಟು. ಬಂಗುಡೆಯ ಕಿವಿರು, ಕರುಳು ತೆಗೆದು ತೊಳೆಯುತ್ತಾರೆ. ಹೊಟ್ಟೆಯೊಳಗೆ ಉಪ್ಪಿನ ಜೊತೆ ಉಪ್ಪಾಗೆಯ ಒಣ ಸಿಪ್ಪೆ ಇಡುತ್ತಾರೆ, ಘಟ್ಟದ ಬುಡದ ಕಾಡಿನಿಂದ ಬರುವ ಆ ಕರಿ ಹುಳಿ. ಮರದ ಪೀಪಾಯಿಯಲ್ಲಿ ಸಾಲುಸಾಲಾಗಿ ಜೋಡಿಸಿ, ಉಪ್ಪುನೀರು ತುಂಬಿ, ಮುಚ್ಚಳ ಬಿಗಿದು ಹಡಗಿಗೆ ಹಾಕುತ್ತಾರೆ. ಮೀನು ಒಣಗುವುದಿಲ್ಲ, ಮೆತ್ತಗೇ ಉಳಿಯುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಪೀಪಾಯಿ ಇಳಿಯುವುದು ಸಿಲೋನಿನಲ್ಲಿ, ಅಲ್ಲಿ ಚಹಾ ತೋಟಗಳ ತಮಿಳು ಕೂಲಿಗಳು ಅನ್ನಕ್ಕೆ ಉಪ್ಪುಮೀನನ್ನೇ ನೆಚ್ಚಿದವರು. ಕಾಡಿನಲ್ಲಿ ಹುಳಿ ಹೆಕ್ಕಿದವರು, ಪೀಪಾಯಿ ಕಟ್ಟಿದವರು, ಹೊಯಿಗೆಯಲ್ಲಿ ಬಲೆ ಎಳೆದವರು, ಸಿಲೋನಿನಲ್ಲಿ ಎಲೆ ಕಿತ್ತವರು, ಇವರಾರೂ ಒಬ್ಬರನ್ನೊಬ್ಬರು ಕಂಡವರಲ್ಲ. ಒಂದು ಬಂಗುಡೆ ಇವರೆಲ್ಲರ ಕೈ ದಾಟಿದೆ. ಮಲ್ಪೆ ಮೂಲೆಯ ಕುಗ್ರಾಮವಾಗಿತ್ತು, ಎಂಜಿನ್ ಬೋಟು ಬಂದ ಮೇಲೆ ಹೊರಜಗತ್ತಿಗೆ ತೆರೆದುಕೊಂಡಿತು ಎಂದು ಬರೆಯುವವರು ಈ ಪೀಪಾಯಿಯನ್ನು ಮರೆತಿದ್ದಾರೆ.

ಇಷ್ಟೆಲ್ಲ ಸಿಕ್ಕಿತು. ಬಲೆ ಯಾರದು, ಪಾಲು ಹೇಗೆ ಎಂಬ ಮೊದಲ ಪ್ರಶ್ನೆಗೆ ಮಾತ್ರ ಸರ್ಕಾರಿ ಕಾಗದ ಬಾಯಿ ಬಿಡಲಿಲ್ಲ. ಆ ಪ್ರಶ್ನೆಗೆ ಉತ್ತರ ರಂಪಣಿಯಲ್ಲಿದೆ.

ರಂಪಣಿ ಗೋವಾದ ಕಡೆಯಿಂದ ಈ ಕರಾವಳಿಗೆ ಇಳಿದು ಬಂತೆಂದು ಮೀನುಗಾರಿಕೆಯ ಬರಹಗಳು ಹೇಳುತ್ತವೆ. ಕಿಲೋಮೀಟರಿಗೂ ಮೀರಿದ ಉದ್ದದ ಎಳೆಬಲೆ ಅದು. ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡಿ ಮೀನಿನ ದಂಡನ್ನು ಗುರುತಿಸಬಲ್ಲ ಹಿರಿಯನೊಬ್ಬ ದಡದಲ್ಲಿ ಕಾಯುತ್ತಾನೆ. ಅವನು ಸನ್ನೆ ಮಾಡಿದ್ದೇ ದೊಡ್ಡ ದೋಣಿ ಬಲೆ ಇಳಿಸುತ್ತ ದಂಡಿನ ಸುತ್ತ ಅರ್ಧಚಂದ್ರ ಹಾಕಿ ಬರುತ್ತದೆ. ಆಮೇಲೆ ಎರಡು ತುದಿಗಳ ಹಗ್ಗ ಹಿಡಿದು ಎಂಬತ್ತು, ನೂರು ಜನ ಹೊಯಿಗೆಯಲ್ಲಿ ಕಾಲೂರಿ ಎಳೆಯಬೇಕು. ಮೀನು ವಿಪರೀತ ಬಿದ್ದರೆ ಒಮ್ಮೆಲೇ ದಡಕ್ಕೆ ಎಳೆದು ಬೆಲೆ ಕೆಡಿಸುತ್ತಿರಲಿಲ್ಲ. ಇನ್ನೊಂದು ಬಲೆಯ ಕಟ್ಟು ಹಾಕಿ ಮೀನನ್ನು ನೀರಿನಲ್ಲೇ ಜೀವಂತ ಇಟ್ಟುಕೊಂಡು, ಪೇಟೆಗೆ ಬೇಕಾದಷ್ಟನ್ನು ದಿನದಿನ ತೆಗೆಯುತ್ತಿದ್ದರು. ಮಂಜುಗಡ್ಡೆಯಿಲ್ಲದ ಕಾಲದ ಶೀತಲಗೃಹ ಅದು. ಹೀಗೆ ಕಾಯ್ದಿಟ್ಟು ತೆಗೆಯುವುದನ್ನು ಮುಂದೆ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ್ದಾರೆ.

ಮಲ್ಪೆ ಪಕ್ಕದ ಪಡುಕೆರೆಯ ಒಂದು ಮನೆಯಲ್ಲಿ ರಂಪಣಿಯ ಲೆಕ್ಕದ ಪುಸ್ತಕ ನೋಡಲು ಸಿಕ್ಕಿತು. ಮನೆಯ ಹಿರಿಯರು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದೇವರ ಕೋಣೆಯ ಮಾಡದಲ್ಲಿ ಇಟ್ಟಿದ್ದರು. ಉಪ್ಪುಗಾಳಿಗೆ ಅಂಚು ಪುಡಿಯಾಗಿದೆ, ನಡುವಿನ ಶಾಯಿ ಇನ್ನೂ ಕಪ್ಪಗಿದೆ. ಒಂದು ಬದಿಯಲ್ಲಿ ಖರ್ಚು: ಸಣಬು, ಹಗ್ಗ, ಬಲೆ ಬೇಯಿಸಲು ಮರದ ತೊಗಟೆ, ದೋಣಿಗೆ ಮೀನೆಣ್ಣೆ, ಎಳೆಯಲು ಬಂದವರಿಗೆ ವೀಳ್ಯ, ದೈವಸ್ಥಾನ. ಇನ್ನೊಂದು ಬದಿಯಲ್ಲಿ ಮನೆ ಹೆಸರುಗಳು, ಒಂದೊಂದರ ಎದುರೂ ಆ ಮನೆಯ ಬಲೆಯ ತುಂಡು ಎಷ್ಟೆಂದು. ಕೆಲವು ಹೆಸರುಗಳ ಮುಂದೆ ಬರಿ 'ಇಲ್ಲ' ಎಂದಿದೆ.

"ಅಜ್ಜಾ, ಈ 'ಇಲ್ಲ' ಅಂದ್ರೆ ಏನು?"

"ಆವತ್ತು ಎಳೀಲಿಕ್ಕೆ ಬರ್ಲಿಲ್ಲ ಅಂತ. ಜ್ವರವೋ ಎಂತದೋ. ಎಳೆದ ಪಾಲು ಇಲ್ಲ, ಬಲೆಯ ಪಾಲು ಉಂಟು."

"ಮನೆಯಲ್ಲಿ ಗಂಡಸರೇ ಇಲ್ಲದಿದ್ರೆ?"

"ಬಲೆ ತುಂಡು ಉಂಟಲ್ಲ ಮಾರಾಯ್ರೆ! ಗಂಡ ಕಡಲಿಗೆ ಹೋದವ ತಿರುಗಿ ಬರದಿದ್ರೂ ಆ ಹೆಂಗಸಿಗೆ ಬಲೆಯ ಪಾಲು ಹೋಗ್ತದೆ. ಅದನ್ನು ತಪ್ಪಿಸ್ಲಿಕ್ಕೆ ಯಾರಿಗೂ ಆಗುದಿಲ್ಲ."

ಇಷ್ಟನ್ನು ನಿಕಲ್ಸನ್ನರ ಯಾವ ಬುಲೆಟಿನ್ನಿನಲ್ಲೂ ನಾನು ಓದಿರಲಿಲ್ಲ. ನಿಕಲ್ಸನ್ ಸಹಕಾರಿ ಸಂಘಗಳ ವಿಚಾರದಲ್ಲಿ 1890ರ ದಶಕದಲ್ಲೇ ದೊಡ್ಡ ವರದಿ ಬರೆದವರು. ಯುರೋಪಿನ ಹಳ್ಳಿಗಳ ಸಹಕಾರಿ ಬ್ಯಾಂಕುಗಳನ್ನು ನೋಡಿ ಬಂದು ಮದ್ರಾಸಿಗೆ ಅದನ್ನು ಶಿಫಾರಸು ಮಾಡಿದವರು. ಬಂಡವಾಳ ತುಂಡುತುಂಡಾಗಿ ಮನೆಮನೆಯದು, ದುಡಿಮೆಗೆ ಬೇರೆ ಪಾಲು, ವಿಧವೆಯ ಹಕ್ಕು ಭದ್ರ, ಊರ ದೈವಕ್ಕೂ ಒಂದು ಲೆಕ್ಕ: ಇಂಥ ಸಂಘ ಮಲ್ಪೆಯ ಹೊಯಿಗೆಯ ಮೇಲೆ ಯಾರ ಶಿಫಾರಸೂ ಇಲ್ಲದೆ ನಡೆಯುತ್ತಿತ್ತು. ಆ ಪುಸ್ತಕದ ಪುಟಗಳ ಫೋಟೋ ತೆಗೆಯಲು ಮನೆಯವರು ಒಪ್ಪಿದರು. ಕಡಪ್ಪುರದ ಎಷ್ಟೋ ಮನೆಗಳಲ್ಲಿ ಇಂಥವು ಇದ್ದವಂತೆ, ಮನೆ ಕೆಡವಿ ಟೆರೇಸು ಕಟ್ಟುವಾಗ ಹೋದವಂತೆ.

ರಂಪಣಿ ಬದುಕಿದ್ದ ಕಾಲಕ್ಕಿಂತ ಅದು ಸತ್ತ ಕಾಲದ ಕಾಗದ ಹೆಚ್ಚು ಸಿಗುತ್ತದೆ. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹುಟ್ಟಿದ್ದು 1947ರ ಫೆಬ್ರವರಿ 3ರಂದು. ಕಾರವಾರ, ಮಂಗಳೂರು ಕರಾವಳಿಯ ರಂಪಣಿ ಮೀನಿನ ಅಳತೆ, ತೂಕವನ್ನು ಅದರ ವಿಜ್ಞಾನಿಗಳು ವರ್ಷಗಟ್ಟಲೆ ಬರೆದಿಟ್ಟರು. ಹತ್ತಿ, ಸಣಬಿನ ಬಲೆ ಹೋಗಿ ನೈಲಾನ್ ಬಂತು. ಟ್ರಾಲ್ ಬೋಟು ಬಂತು, ಸಿಗಡಿಗೆ ಹೊರದೇಶದ ಬೆಲೆ ಬಂತು. ರಂಪಣಿ ಇದನ್ನೆಲ್ಲ ತಡೆದುಕೊಂಡಿತು, ಏಕೆಂದರೆ ಟ್ರಾಲ್ ಬೋಟು ಬೇಟೆಯಾಡುವುದು ಅಡಿಯ ಸಿಗಡಿಯನ್ನು, ರಂಪಣಿಗೆ ಬೇಕಾದದ್ದು ಮೇಲಿನ ಬಂಗುಡೆ, ಬೂತಾಯಿ. 1975-76ರ ಹೊತ್ತಿಗೆ ಪರ್ಸೀನ್ ಬೋಟು ಬಂತು. ಅದು ಅದೇ ದಂಡನ್ನು, ದಡಕ್ಕೆ ಬರುವ ಮೊದಲೇ, ಆಳದಲ್ಲಿ ಸುತ್ತಿ ಎತ್ತಿತು. ದಡದಲ್ಲಿ ನೂರು ಜನ ಹಗ್ಗ ಹಿಡಿದು ಕಾದು ನಿಂತರೂ ಎಳೆಯಲು ಮೀನು ಉಳಿಯಲಿಲ್ಲ. ಎಪ್ಪತ್ತರ ದಶಕ ಮುಗಿಯುವುದರೊಳಗೆ ಕರ್ನಾಟಕದ ಕರಾವಳಿಯಲ್ಲಿ ನೂರಾರು ಪರ್ಸೀನ್ ಬೋಟುಗಳಿದ್ದವು. ಗಲಾಟೆಗಳಾದವು, ಮನವಿಗಳಾದವು. ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1978ರಲ್ಲಿ ಆರಂಭಿಸಿದ ಮಾಹಿತಿ ಪತ್ರಿಕೆಯ ಮೊದಲ ವರ್ಷಗಳ ಸಂಚಿಕೆಗಳಲ್ಲಿ ಈ ಬದಲಾವಣೆಯ ಅಂಕಿಅಂಶ, ಚರ್ಚೆ ಇದೆ. ಅವು ಸಂಸ್ಥೆಯ ಜಾಲತಾಣದಲ್ಲಿ ಯಾರಿಗೂ ತೆರೆದಿವೆ, ಕರಾವಳಿಯ ಕಾಲೇಜು ಹುಡುಗರು ಓದಬೇಕು.

ಇಲ್ಲಿ ಒಂದು ಸುಲಭದ ತೀರ್ಮಾನವಿದೆ: ಯಂತ್ರ ಬಂತು, ಬಡವರ ಬಲೆ ಹೋಯಿತು. ಅದಕ್ಕೆ ನಾನು ಪೂರ್ತಿ ಒಪ್ಪುವುದಿಲ್ಲ. ರಂಪಣಿಯ ಎಷ್ಟೋ ಗುಂಪುಗಳು ತಮ್ಮ ಪಾಲುದಾರಿಕೆಯನ್ನೇ ಹಿಡಿದುಕೊಂಡು ಪರ್ಸೀನ್ ಬೋಟು ಕೊಂಡವು, ಬ್ಯಾಂಕ್ ಸಾಲ ಪಡೆದವು. ಹಳೆಯ ಕೂಟದ ಬುದ್ಧಿ ಹೊಸ ಬೋಟಿಗೆ ಹತ್ತಿತು. ಆದರೆ ಬೋಟಿನಲ್ಲಿ ಇಪ್ಪತ್ತೈದು ಮೂವತ್ತು ಜನಕ್ಕೆ ಜಾಗ, ಹಗ್ಗದ ಹಿಂದೆ ನೂರು ಜನಕ್ಕೆ ಜಾಗವಿತ್ತು. ವಯಸ್ಸಾದವರು, ಶಾಲೆ ಬಿಟ್ಟ ಹುಡುಗರು, ಹೊತ್ತು ಹೊತ್ತಿಗೆ ಬಂದು ಕೈಜೋಡಿಸುತ್ತಿದ್ದ ಹೆಂಗಸರು, ಅವರಿಗೆಲ್ಲ ಇದ್ದ ಪಾಲು ಹೋಯಿತು. ಸಣ್ಣ ಕೈರಂಪಣಿ ಈಗಲೂ ಅಲ್ಲಲ್ಲಿ ಬೀಳುತ್ತದೆ, ಬಿದ್ದಾಗ ದಾರಿಯಲ್ಲಿ ಹೋಗುವವರೂ ಹಗ್ಗ ಹಿಡಿದು ನಾಲ್ಕು ಮೀನು ಮನೆಗೆ ಒಯ್ಯುತ್ತಾರೆ.

ಜನರ ಹೆಸರಿಗಾಗಿ ನಾನು ಮುಂಬಯಿಗೆ ಹೋಗಬೇಕಾಯಿತು. ಕಡಪ್ಪುರದ ಹುಡುಗರು ಹಡಗಿನ, ಹೋಟೆಲಿನ, ಗಿರಣಿಯ ಕೆಲಸಕ್ಕೆ ಅಲ್ಲಿಗೆ ಹೋದದ್ದು ಹಳೆಯ ಸಂಗತಿ. ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ ಹುಟ್ಟಿದ್ದು 1902ರಲ್ಲಿ, ಅಂದರೆ ಥರ್ಸ್ಟನ್ ಮೊಗೇರರ ಬಗ್ಗೆ ಬರೆದದ್ದನ್ನು ಅಚ್ಚು ಹಾಕಿಸುವುದಕ್ಕೆ ಏಳು ವರ್ಷ ಮೊದಲೇ ಅವರು ತಮ್ಮದೇ ಸಂಘ ಕಟ್ಟಿಕೊಂಡಿದ್ದರು. ಮಂಡಳಿ ದಶಕಗಳಿಂದ ನಡೆಸಿಕೊಂಡು ಬಂದ 'ಮೊಗವೀರ' ಮಾಸಪತ್ರಿಕೆ ಮುಂಬಯಿ ಕನ್ನಡದ ಹಳೆಯ ಪತ್ರಿಕೆಗಳಲ್ಲಿ ಒಂದು. ಊರಿನ ಸುದ್ದಿ, ಮದುವೆ, ಸಾವು, ಯಾವ ಪಟ್ಣದ (ಮೀನುಗಾರರ ಕೇರಿಯ) ಗುರಿಕಾರರು (ಮುಖಂಡರು) ಯಾರು, ದೇವಸ್ಥಾನಕ್ಕೆ ಯಾರು ಎಷ್ಟು ಕೊಟ್ಟರು, ಎಲ್ಲ ಅಂಥ ಪತ್ರಿಕೆಯಲ್ಲಿ ಹೆಸರು ಹಿಡಿದು ಬರುತ್ತದೆ. ಸರ್ಕಾರ ಮಣದ ಲೆಕ್ಕ ಬರೆಯಿತು, ಜನ ತಮ್ಮ ಹೆಸರು ಬರೆದುಕೊಂಡರು.

ಹೆಸರಿಲ್ಲದ ಸಾವು ಎಂಬುದು ಕಡಲಿನವರಿಗೆ ಗೊತ್ತಿರುವ ದುಃಖ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ 'ಸುವರ್ಣ ತ್ರಿಭುಜ' ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ಮಲ್ಪೆ ಬೀದಿಗಿಳಿಯಿತು, ದೆಹಲಿಯವರೆಗೆ ಕೂಗು ಮುಟ್ಟಿತು, 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲಡಿಯಲ್ಲಿ ನೌಕಾಪಡೆಗೆ ಅದರ ಅವಶೇಷ ಸಿಕ್ಕಿತು. ಆ ಏಳು ಜನರ ಹೆಸರು ಪತ್ರಿಕೆಗಳಲ್ಲಿ, ಸದನದಲ್ಲಿ, ಕಡತಗಳಲ್ಲಿ ದಾಖಲಾಗಿದೆ. ನೂರು ವರ್ಷದ ಹಿಂದೆ ಇದೇ ಅಳಿವೆಯಿಂದ ಹೋಗಿ ಬಾರದವರು ಎಷ್ಟು ಮಂದಿಯೋ. ಯಾರ್ಡಿನ ವರದಿಯಲ್ಲಿ ಆ ವರ್ಷ ಮೀನು ಕಡಿಮೆ ಬಂದದ್ದು ಮಾತ್ರ ಕಾಣುತ್ತದೆ.

2010ರ ಕಡಲ ಮೀನುಗಾರರ ಗಣತಿ ಕರ್ನಾಟಕದಲ್ಲಿ 144 ಮೀನುಗಾರ ಗ್ರಾಮಗಳನ್ನು, 96 ಮೀನು ಇಳಿಸುವ ತಾಣಗಳನ್ನು ಗುರುತಿಸಿತು. ಪ್ರತಿಯೊಂದರಲ್ಲೂ ಯಾರದೋ ಮಾಡದಲ್ಲಿ ಬಟ್ಟೆ ಸುತ್ತಿದ ಪುಸ್ತಕ ಇರಬಹುದು. ಪಡುಕೆರೆಯಿಂದ ಉತ್ತರಕ್ಕೆ ಗಂಗೊಳ್ಳಿಯವರೆಗೆ, ದಕ್ಷಿಣಕ್ಕೆ ಹೆಜಮಾಡಿಯವರೆಗೆ ಮನೆಗಳಲ್ಲಿ ಕೇಳಿಕೊಂಡು ಬರುವ ಕೆಲಸವನ್ನು ಈಗ ನಾನು ಮತ್ತು ಕೆಲವು ತರುಣರು ಜೊತೆಗೂಡಿ ಮಾಡುತ್ತಿದ್ದೇವೆ. ಮೊಗವೀರರ ಮನೆಗಳಷ್ಟೇ ಅಲ್ಲ, ಖಾರ್ವಿಗಳ, ಕ್ರೈಸ್ತರ, ಬ್ಯಾರಿಗಳ ಮನೆಗಳಲ್ಲೂ. ಒಣಮೀನಿನ ವ್ಯಾಪಾರಿಗಳ ಹಳೆಯ ವಹಿಗಳಲ್ಲಿ ಸಿಲೋನಿನ ವಹಿವಾಟು ಇರಲೇಬೇಕು.

ಆ ವಹಿವಾಟಿನ ಇನ್ನೊಂದು ತುದಿ ಕೊಲಂಬೊದಲ್ಲಿದೆ. ಬ್ರಿಟಿಷರ ಕಾಲದ ಸಿಲೋನ್ ಸರ್ಕಾರ ವರ್ಷ ವರ್ಷ ಹೊರತರುತ್ತಿದ್ದ 'ಬ್ಲೂ ಬುಕ್' ಎಂಬ ಅಂಕಿಅಂಶ ಗ್ರಂಥಗಳಲ್ಲಿ ಆಮದಿನ ಪಟ್ಟಿಗಳಿವೆ. ಮಲಬಾರ್ ಮತ್ತು ದಕ್ಷಿಣ ಕನ್ನಡದ ಯಾರ್ಡುಗಳಿಂದ ಹೊರಬಿದ್ದ ಮೀನಿನ ಲೆಕ್ಕವನ್ನು ಅಲ್ಲಿ ಇಳಿದ ಉಪ್ಪುಮೀನಿನ ಲೆಕ್ಕದ ಪಕ್ಕ ವರ್ಷಕ್ಕೆ ವರ್ಷ ಹೊಂದಿಸಿ ನೋಡಬೇಕು. ಮೊದಲು ಕೈಗೆತ್ತಿಕೊಳ್ಳಬೇಕೆಂದಿರುವುದು 1888ರಿಂದ 1907ರವರೆಗಿನ ಸಂಪುಟಗಳನ್ನು. ತೆರಿಗೆ ಎರಡೂವರೆ ರೂಪಾಯಿಯಿಂದ ಒಂದು ರೂಪಾಯಿಗೆ ಇಳಿದ ಆ ವರ್ಷಗಳಲ್ಲಿ ಯಾರ್ಡಿಗೆ ಬರುವ ಮೀನು ಹೆಚ್ಚಿತೋ, ಇಲ್ಲ ಬೇಲಿಯ ಹೊರಗೇ ಉಪ್ಪು ಕೊಂಡು ಹದಮಾಡುವವರು ಹೆಚ್ಚಿದರೋ ಎಂಬುದಕ್ಕೆ ಉತ್ತರ ಅಲ್ಲಿ ಸಿಗಬೇಕು.